ಅಣಬೆ ಇಲ್ಲದ ಚಿಕಿತ್ಸೆ ಮತ್ತು ಟೇಲರ್ ಮಾಮ

ಸ್ವಲ್ಪ ಕಾಯಿರಿ, ನಮ್ಮ ಮಾಮ ಸತ್ತನೆಂದು ಕೂಡ್ಲಿಗಿಯ ಒಂದು ಓಣಿಯೇ ಅತ್ತ ಕಥೆ ಮುಂದೆ ಬರುತ್ತದೆ. ಮಾಮ ಈಗಲೂ ಗಟ್ಟಿಮುಟ್ಟಾಗಿದ್ದಾನೆ, ಗಾಬರಿ ಬೇಡ. ತಪ್ಪೆಲ್ಲ ನನ್ನದು, ಅದನ್ನೂ ಈಗಲೇ ಹೇಳಿಬಿಡುತ್ತೇನೆ.

ಎರಡು ಸಾವಿರದ ಏಳೋ ಎಂಟೋ ಇರಬೇಕು. ನನಗೆ ಇಪ್ಪತ್ತು ವರ್ಷ. ಕೊಟ್ಟೂರಿನ ಬಸ್ ನಿಲ್ದಾಣದ ಹತ್ತಿರ ಒಂದು ನೆಟ್ ಸೆಂಟರ್ ಇತ್ತು. ಮೂರು ಕಂಪ್ಯೂಟರು, ಅದರಲ್ಲಿ ಒಂದು ಕೆಟ್ಟದ್ದು. ಉಳಿದವರು ಅಲ್ಲಿಗೆ ರಿಸಲ್ಟ್ ನೋಡಲು ಬರುತ್ತಿದ್ದರು, ನಾನು ಮನುಷ್ಯನ ಮನಸ್ಸಿನ ಬಗ್ಗೆ ಓದಲು ಹೋಗುತ್ತಿದ್ದೆ, ಪಕ್ಕದಲ್ಲಿ ಡಿಕ್ಷನರಿ ಇಟ್ಟುಕೊಂಡು. ಕಲಿಸುವವರು ಯಾರೂ ಇರಲಿಲ್ಲ. ಹಾಗಾಗಿ ನನಗೆ ಯಾವುದರಲ್ಲೂ ಅನುಮಾನವೇ ಬರುತ್ತಿರಲಿಲ್ಲ.

ಒಂದು ದಿನ ಅಣಬೆಯ ವಿಷಯ ಸಿಕ್ಕಿತು. ಪರದೇಶದಲ್ಲಿ ಕೆಲವು ಡಾಕ್ಟರುಗಳು ಮನಸ್ಸು ಕುಗ್ಗಿದವರಿಗೆ ಒಂದು ಬಗೆಯ ಅಣಬೆಯಲ್ಲಿರುವ ಸತ್ವವನ್ನು ಅಳೆದು ಕೊಟ್ಟು ಪ್ರಯೋಗ ಮಾಡುತ್ತಿದ್ದಾರಂತೆ. ಅದನ್ನು ತೆಗೆದುಕೊಂಡವರಿಗೆ ಕನಸಿನಂಥ ಚಿತ್ರಗಳು ಕಾಣುತ್ತವಂತೆ. ಮಂದ ಬೆಳಕಿನ ಕೋಣೆ, ಕಣ್ಣಿಗೆ ಬಟ್ಟೆ, ಮೆಲ್ಲನೆಯ ಸಂಗೀತ. ಪಕ್ಕದಲ್ಲಿ ಒಬ್ಬರು ಆರು ತಾಸು ಕೂತೇ ಇರುತ್ತಾರೆ. ಪ್ರಶ್ನೆ ಕೇಳುವುದಿಲ್ಲ, ಬುದ್ಧಿ ಹೇಳುವುದಿಲ್ಲ, ಎದ್ದು ಹೋಗುವುದಿಲ್ಲ. ಕೆಲವರಿಗೆ ತಾವು ಸತ್ತು ವಾಪಸ್ಸು ಬಂದಂತೆ ಆಗುತ್ತದಂತೆ, ಒಳಗೆ ಕಟ್ಟಿಕೊಂಡಿದ್ದೆಲ್ಲ ಅಳುವಾಗಿ ಹೊರಗೆ ಬರುತ್ತದಂತೆ. ನಾಲ್ಕು ಪುಟ ಪ್ರಿಂಟ್ ತೆಗೆಸಿದೆ. ಯಾಕೆಂದರೆ ನನ್ನ ಮಾಮನಿಗೆ ಅಳು ಬರುತ್ತಿರಲಿಲ್ಲ.

ಮಾಮ ಅಂದರೆ ಅಮ್ಮನ ತಮ್ಮ, ಕೂಡ್ಲಿಗಿಯಲ್ಲಿ ಟೇಲರ್. ಅವನು ಹೊಲಿಯುವವ, ಅವನ ಗೆಳೆಯ ಬಟ್ಟೆ ಕತ್ತರಿಸುವವ. ಇಪ್ಪತ್ತು ವರ್ಷ ಒಂದೇ ಅಂಗಡಿ. ಒಂದು ಸಂಜೆ ಗೆಳೆಯ ಯಾರದೋ ಮದುವೆಯ ಪ್ಯಾಂಟನ್ನು ಮೂರು ಇಂಚು ಗಿಡ್ಡ ಕತ್ತರಿಸಿಬಿಟ್ಟ. ಮಾಮ ಸಿಟ್ಟಿನಲ್ಲಿ, "ನಾಳಿಂದ ನನ್ನ ಅಂಗಡಿ ಮೆಟ್ಲು ಹತ್ತಬ್ಯಾಡ" ಅಂದ. ಮರುದಿನ ಬೆಳಗಾಗುವುದರೊಳಗೆ ಗೆಳೆಯ ಎದೆನೋವು ಬಂದು ತೀರಿಕೊಂಡಿದ್ದ.

ಅಂದಿನಿಂದ ನಾಲ್ಕು ತಿಂಗಳು ಮಾಮ ಅಂಗಡಿಯ ಬಾಗಿಲು ತೆಗೆದಿರಲಿಲ್ಲ. ಊಟ ಅರ್ಧ ರೊಟ್ಟಿಗೆ ಇಳಿದಿತ್ತು, ನಿದ್ದೆ ಅದಕ್ಕಿಂತ ಕಡಿಮೆ. ಗೆಳೆಯನ ಹೆಂಡತಿಯ ಮುಖ ನೋಡಬೇಕಾಗುತ್ತದೆಂದು ಅವರ ಮನೆಯ ದಾರಿ ಬಿಟ್ಟು, ಊರು ಸುತ್ತಿ ಓಡಾಡುತ್ತಿದ್ದ. ಹೀಗೇ ಆದರೆ ಇವನೂ ಉಳಿಯುವುದಿಲ್ಲ ಎಂದು ಅತ್ತೆಗೆ ಭಯ.

ನಾನು ಪ್ರಿಂಟ್ ಹಿಡಿದು ಕೂಡ್ಲಿಗಿಗೆ ಹೋದೆ. ಅತ್ತೆ ಕೇಳಿದಳು, "ಅಣಬಿ ಅಂದ್ರ, ಮಳಿ ಬಂದಾಗ ತಿಪ್ಪಿ ಮ್ಯಾಲೆ ಏಳ್ತಾವಲ್ಲ, ಅವಾ?"

"ಅವಲ್ಲತ್ತಿ, ಬ್ಯಾರೇವು."

"ಯಾವಾರ ಇರ್ಲಿ, ನಮ್ಮ ಹೊಸ್ತಿಲ ದಾಟಂಗಿಲ್ಲ. ನಿಮ್ಮ ಮಾಮ ಸುಮ್ನ ಕುಂತಾನ ಅಷ್ಟ. ಅಣಬಿ ತಿನ್ಸಿ ಅವನ್ನ ಬಜಾರದಾಗ ಕುಣಿಸಬೇಕಂತಿಯೇನು?"

ಹರಪನಹಳ್ಳಿಗೆ ವಾರಕ್ಕೊಮ್ಮೆ ಬರುವ ಮನಸ್ಸಿನ ಡಾಕ್ಟರ ಹತ್ತಿರ ಮಾಮನಿಗೆ ಆಗಲೇ ಗುಳಿಗೆ ನಡೆದಿತ್ತು. ಮುಂದಿನ ಸಲ ನಾನೇ ಕರೆದುಕೊಂಡು ಹೋಗಿ, ನಾಲ್ಕೂ ಪುಟ ಅವರ ಮುಂದಿಟ್ಟೆ. ಅವರು ತಾಳ್ಮೆಯಿಂದ ಓದಿದರು.

"ಇದಿನ್ನೂ ಪ್ರಯೋಗದಾಗ ಐತಿ. ಇಲ್ಲಿ ಕಾನೂನು ಒಪ್ಪಂಗಿಲ್ಲ. ನೀನು ಎಲ್ಲೆರ ಕಾಡಣಬಿ ಕಿತ್ತು ತಂದು ತಿನ್ಸಿದ್ರ, ಮಾಮನ ಜೀವಕ್ಕ ಕುತ್ತು. ತಿಳೀತಾ?"

"ತಿಳೀತ್ರಿ."

"ಗುಳಿಗಿ ತಪ್ಪಸಬ್ಯಾಡ್ರಿ. ಆದ್ರ ಪಕ್ಕದಾಗ ಕುಂದ್ರಾದು ಅಂತ ಬರ್ದಾರಲ್ಲ, ಅದಕ್ಕ ಯಾವ ಕಾನೂನೂ ಅಡ್ಡ ಬರಂಗಿಲ್ಲ. ಬಾಯಿ ಮುಚ್ಚಿಗೊಂಡು ಕುಂದ್ರಾಕ ನಿನಗ ಬರ್ತೈತೇನು?"

ಮಾಮ ನಾಲ್ಕು ತಿಂಗಳಲ್ಲಿ ಮೊದಲ ಸಲ ಬಾಯಿ ಬಿಟ್ಟ. "ಅದೊಂದು ಬರಂಗಿಲ್ರಿ ಇವಗ."

ಆ ಮಾತಿಗೇ ನನಗೆ ಹಟ ಬಂತು. ಮರುದಿನ ಮಧ್ಯಾಹ್ನ ಅತ್ತೆ ಸಂತೆಗೆ ಹೋದ ಮೇಲೆ ಪಡಸಾಲೆಯಲ್ಲಿ ಚಾಪೆ ಹಾಸಿದೆ. "ಮಲಗಾದು ತಾನ? ಮಲಗತೀನಿ ತಗ" ಎಂದು ಮಾಮ ಒರಗಿದ. ಕಣ್ಣಿಗೆ ಲೈನಿಂಗ್ ಬಟ್ಟೆ ಹೊದಿಸಿದೆ, ಬಿಳಿಯದು. ಅದು ಉದ್ದವಾಗಿ ಇಡೀ ಮುಖ ಮುಚ್ಚಿತು. ಸಂಗೀತಕ್ಕೆ ಮನೆಯಲ್ಲಿದ್ದದ್ದು ಒಂದೇ ಭಜನೆ ಕ್ಯಾಸೆಟ್, ಹಚ್ಚಿದೆ. ನೊಣ ಕಾಡದಿರಲೆಂದು ತಲೆಯ ಹತ್ತಿರ ಊದುಬತ್ತಿ ಸಿಗಿಸಿದೆ. ಬಾಗಿಲು ಅರ್ಧ ಮುಚ್ಚಿ, ಪಕ್ಕದಲ್ಲಿ ಸುಮ್ಮನೆ ಕೂತೆ. ನಾನು ಏನು ಸಿದ್ಧ ಮಾಡಿದ್ದೆ ಎಂಬುದು ನಿಮಗೆ ಆಗಲೇ ಹೊಳೆದಿರಬಹುದು. ನನಗೆ ಹೊಳೆಯಲಿಲ್ಲ.

ಅರ್ಧ ತಾಸಿಗೆ ಎದುರುಮನೆಯ ಅಜ್ಜಿ ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದಳು. ಬಾಗಿಲಲ್ಲೇ ನಿಂತು, "ಯಾಕಲೇ ತಮ್ಮಾ, ಮಾಮಗ ಏನಾತು?" ಅಂದಳು. ಮಾತಾಡುವಂತಿಲ್ಲವಲ್ಲ, ತುಟಿಯ ಮೇಲೆ ಬೆರಳಿಟ್ಟು, ಇಲ್ಲ ಎಂಬಂತೆ ತಲೆ ಆಡಿಸಿದೆ. ಊದುಬತ್ತಿ ಹೊಗೆಗೆ ನನ್ನ ಕಣ್ಣಲ್ಲಿ ನೀರೂ ಬಂದಿತ್ತು.

ಅಜ್ಜಿಯ ಕೈಯಿಂದ ಬಟ್ಟಲು ಬಿತ್ತು.

ಹತ್ತು ನಿಮಿಷದಲ್ಲಿ ಪಡಸಾಲೆ ತುಂಬ ಹೆಂಗಸರು. ಸತ್ತವರನ್ನು ನಮ್ಮ ಕಡೆ ಹಾಡಿ ಅಳುತ್ತಾರೆ. ಅವರ ಗುಣ, ಕೆಲಸ, ಉಳಿಸಿಹೋದದ್ದು ಎಲ್ಲವೂ ಆ ಹಾಡಿನಲ್ಲಿ ಬರುತ್ತದೆ. ಅಜ್ಜಿ ಶುರು ಮಾಡಿದಳು. "ನನ್ನ ಕುಬಸ ಹೊಲೀದ ಹೋದ್ಯಲ್ಲೋ ನನ್ನಪ್ಪಾ, ಅರಬಿ ಕೊಟ್ಟು ನಾಕು ತಿಂಗ್ಳಾತಲ್ಲೋ ನನ್ನಪ್ಪಾ."

ನಾನು ಗಾಬರಿಯಾಗಿ ಬಾಯಿ ತೆರೆದೆ. ಚಾಪೆಯ ಮೇಲಿನಿಂದ ಒಂದು ಕೈ ಮೆಲ್ಲಗೆ ಬಂದು ನನ್ನ ಮಂಡಿ ಒತ್ತಿತು, ಸುಮ್ಮನಿರು ಎಂಬಂತೆ. ಮಾಮ ಎಚ್ಚರವಿದ್ದ, ಕೇಳುತ್ತಿದ್ದ.

ಆಗ ಬಂದಳು, ಗೆಳೆಯನ ಹೆಂಡತಿ. ಮಾಮನ ಕಾಲ ಹತ್ತಿರ ಕುಸಿದು ಕೂತಳು.

"ಅಣ್ಣಾ, ನೀನೂ ಹೋದ್ಯೇನೋ ಅಣ್ಣಾ. ಅವತ್ತು ರಾತ್ರಿ ಉಣ್ಣಾಕ ಕುಂತು ನಿನ್ನ ಗೆಳೆಯ ನಕ್ಕಿದ್ನಲ್ಲೋ ಅಣ್ಣಾ. 'ತಪ್ಪು ನಂದ ಐತಿ, ಅವನ ಸಿಟ್ಟು ಮುಂಜಾನಿ ಚಾದಾಗ ಇಳೀತೈತಿ, ಅವನಗಿಂತ ಮೊದ್ಲ ಹೋಗಿ ಬಾಗ್ಲಾ ತೆಗೀತೀನಿ' ಅಂದಿದ್ನಲ್ಲೋ ಅಣ್ಣಾ. ನಿನಗ ಹೇಳಾಣಂದ್ರ ನಮ್ಮ ಮನಿ ದಾರೀನ ಬಿಟ್ಯಲ್ಲೋ."

ಮಾಮ ಮುಖದ ಬಟ್ಟೆ ತೆಗೆದು ಎದ್ದು ಕೂತ.

ಮೊದಲು ಓಡಿದವಳು ಅಜ್ಜಿ. ಮಂಡಿನೋವೆಂದು ವರ್ಷಗಟ್ಟಲೆ ಹೇಳಿದ್ದೆಲ್ಲ ಅವತ್ತು ಸುಳ್ಳಾಯಿತು. ಉಳಿದವರು ಕೂತಲ್ಲೇ ಗೋಡೆಗೆ ಅಂಟಿಕೊಂಡರು.

"ಇನ್ನೊಮ್ಮಿ ಹೇಳವ್ವ," ಅಂದ ಮಾಮ. "ನಕ್ಕೊಂತ ಅಂದ್ನೇನು?"

ಅವಳು ಹೌದೆಂದು ತಲೆಯಾಡಿಸಿದಳು. ಮಾಮ ಅಳಲು ಶುರು ಮಾಡಿದ. ನಾಲ್ಕು ತಿಂಗಳ ಅಳು, ನಿಲ್ಲಲೇ ಇಲ್ಲ. ಪಕ್ಕದಲ್ಲಿ ಇಡೀ ಓಣಿ ಕೂತಿತ್ತು, ಒಬ್ಬರೂ ಬುದ್ಧಿ ಹೇಳಲಿಲ್ಲ. ಹೇಳುವ ಧೈರ್ಯ ಯಾರಿಗೂ ಉಳಿದಿರಲಿಲ್ಲ.

ಸಂತೆ ಚೀಲ ಹಿಡಿದು ಬಂದ ಅತ್ತೆ ಎಲ್ಲ ಕೇಳಿಸಿಕೊಂಡು ನನ್ನ ಕಡೆ ನೋಡಿದಳು. "ಅಣಬಿನ ತಿನ್ಸಿದ್ರ ಚಲೋ ಇತ್ತು."

ಗುಳಿಗೆ ಇನ್ನೂ ಒಂದು ವರ್ಷ ನಡೆಯಿತು. ಒಂದೇ ದಿನದಲ್ಲಿ ಎಲ್ಲ ಸರಿಯಾಯಿತು ಅಂದರೆ ಸುಳ್ಳಾಗುತ್ತದೆ. ಆದರೆ ಮಾಮ ಆ ರಾತ್ರಿ ನಿದ್ದೆ ಮಾಡಿದ. ಮೂರನೇ ವಾರ ಗೆಳೆಯನ ಮನೆಗೆ ನೇರ ದಾರಿಯಲ್ಲೇ ಹೋಗಿ, ಅವನ ಹೆಂಡತಿಯನ್ನು ಕರೆದುಕೊಂಡು ಬಂದು ಅಂಗಡಿ ತೆಗೆದ. ಗೆಳೆಯನ ಕತ್ತರಿ ಅವಳ ಕೈಗೆ ಕೊಟ್ಟು ಕೆಲಸ ಕಲಿಸಿದ. ಅಜ್ಜಿಯ ಕುಬಸದ ನಂತರ ಅವಳು ಕತ್ತರಿಸಿದ್ದು ನನ್ನ ಪ್ಯಾಂಟು. ಅದು ಮೂರು ಇಂಚು ಗಿಡ್ಡ ಬಂತು. ಮಾಮ ಅದನ್ನು ಎತ್ತಿ ಹಿಡಿದು ನೋಡಿ, ಮೂರು ಚಾ ತರಿಸಿದ.

ಆ ಅಣಬೆಯ ಪ್ರಯೋಗಗಳ ಬಗ್ಗೆ ನಾನು ಈಗಲೂ ಓದುತ್ತೇನೆ. ಆ ಗಿಡ್ಡ ಪ್ಯಾಂಟೂ ನನ್ನ ಹತ್ತಿರ ಇದೆ. ನಿಮ್ಮ ಕಷ್ಟದ ಹೊತ್ತಿನಲ್ಲಿ ಯಾರಾದರೂ ಹೀಗೆ ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ಕೂತಿದ್ದರೆ, ಇಲ್ಲವೇ ನೀವೇ ಯಾರ ಪಕ್ಕದಲ್ಲಾದರೂ ಕೂತಿದ್ದರೆ, ಏನಾಯಿತು ಅಂತ ನನಗೆ ಬರೆದು ತಿಳಿಸಿ. ನಾನು ಬುದ್ಧಿ ಹೇಳುವುದಿಲ್ಲ.