ಶೈಲಜಮ್ಮನ ಬೂತಿನ ಬಾಗಿಲು

ಸತ್ತ ಟೆಲಿಫೋನನ್ನು ದಿನಾ ಬೆಳಿಗ್ಗೆ ಒರೆಸಿ ವಿಭೂತಿ ಹಚ್ಚುವ ಹೆಂಗಸಿನ ಮೇಲೆ ಅನುಮಾನ ಬರದವನು ವ್ಯಾಪಾರಕ್ಕೆ ನಾಲಾಯಕ್ಕು. ನನಗೆ ಬಂತು. ಆದರೆ ಚಾಮರಾಜಪೇಟೆಯ ಆ ಅಡ್ಡರಸ್ತೆಯಲ್ಲಿ ನಾನೇನೂ ಮೊದಲಿಗನಲ್ಲ. ಶೈಲಜಮ್ಮನನ್ನು ಅನುಮಾನಿಸುವುದನ್ನು ಅಲ್ಲಿನವರು ಬೆಳಗಿನ ಕಾಫಿಯಷ್ಟೇ ತಪ್ಪದೆ ಮಾಡಿಕೊಂಡು ಬಂದಿದ್ದರು.

ಒಂದು ಹಳೆ ಕಟ್ಟಡದ ಮುಂಭಾಗದ ಮಳಿಗೆ. ಅರ್ಧದಲ್ಲಿ ಶೈಲಜಮ್ಮ ಚಟ್ನಿಪುಡಿ, ಹುಳಿಪುಡಿ, ಹಪ್ಪಳ ಮಾರುತ್ತಿದ್ದರು. ಇನ್ನರ್ಧದಲ್ಲಿ ನಿಂತಿತ್ತು ಬೂತು. ಎಸ್‌ಟಿಡಿ, ಐಎಸ್‌ಡಿ, ಪಿಸಿಓ ಎಂದು ಹಳದಿ ಬಣ್ಣದಲ್ಲಿ ಬರೆದ ಬೋರ್ಡು, ಒಳಗೊಂದು ಸ್ಟೂಲು, ಒಂದು ಕರಿ ಫೋನು, ಎದುರಿಗೆ ಮಬ್ಬು ಗಾಜಿನ ಬಾಗಿಲು. ಊರಿನ ಬೇರೆ ಬೂತುಗಳೆಲ್ಲ ಪ್ಲೈವುಡ್ಡಿನವಾಗಿದ್ದರೆ ಇದು ಅಪ್ಪಟ ತೇಗ. ಯಾವುದೋ ಮನೆ ಕೆಡವಿದಾಗ ಸಿಕ್ಕಿದ ಬಾಗಿಲುಗಳನ್ನೇ ಕೊಯ್ದು ಕಾಳಪ್ಪ ಎಂಬ ಬಡಗಿ ಮಾಡಿಕೊಟ್ಟಿದ್ದ. ನೆತ್ತಿಯ ಮೇಲೆ ಫ್ಯಾನಿಗೆಂದು ದೊಡ್ಡದೊಂದು ತೂತನ್ನೂ ಕೊರೆದಿದ್ದ. ಫ್ಯಾನು ಬರಲೇ ಇಲ್ಲ, ತೂತು ಉಳಿಯಿತು.

ಬೂತು ಮಂಜೂರಾದದ್ದು ಗಂಡ ಸಿದ್ದಬಸಪ್ಪನವರ ಹೆಸರಿಗೆ. ಮಿಲ್ಲಿನ ಯಂತ್ರಕ್ಕೆ ಒಂದು ಕಾಲು ಕೊಟ್ಟು ಮನೆಗೆ ಬಂದವರು ಅವರು. ಅಂಗವಿಕಲರಿಗೆಂದು ಸರ್ಕಾರ ಕೊಡುತ್ತಿದ್ದ ಬೂತು ಅವರಿಗೂ ಸಿಕ್ಕಿತು. ಅವರು ಬೂತಿನ ಪಕ್ಕ ಕುರ್ಚಿ ಹಾಕಿ ಕೂರುವುದು, ಇವರು ಪುಡಿ ಮಾಡುವುದು. ಗಂಡ ತೀರಿಕೊಂಡ ಮೇಲೆ ಎರಡೂ ಇವರದೇ. ಮನೆಗೆ ಫೋನಿಲ್ಲದವರು ನೆಂಟರಿಗೆಲ್ಲ ಇದೇ ನಂಬರು ಕೊಟ್ಟು ಪಕ್ಕದಲ್ಲಿ ಪಿ.ಪಿ. ಎಂದು ಬರೆಯುತ್ತಿದ್ದ ಕಾಲ ಅದು. ಕರೆ ಬಂದರೆ ಶೈಲಜಮ್ಮ ಬೀದಿಗೆ ಬಂದು ಹೆಸರು ಹಿಡಿದು ಕೂಗುವರು. ಕರೆಸಿಕೊಂಡವರು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ಫೋನಿಗೆ ವಿಭೂತಿ ಹಚ್ಚಿದ ಜಾಗ ಅದು. ಚಪ್ಪಲಿ ಕಾಲಲ್ಲಿ ಹೋದವರಿಗೆ ಲೈನು ಕೆಟ್ಟಿದೆ ಎನ್ನುವರು.

ಬೀದಿಗೆ ಅನುಮಾನ ಹುಟ್ಟಿದ್ದು ಕಾಳಪ್ಪನ ತೂತಿನಿಂದ. ಒಳಗೆ ಆಡಿದ ಮಾತು ಅದರಿಂದ ಹೊರಗೆ ಇಳಿಯುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಹಾಗಾದರೆ ಈಯಮ್ಮನಿಗೆ ಯಾರ ಮನೆಯ ಹೆಣ್ಣು ಯಾಕೆ ತವರಿಗೆ ಬಂತು ಎಂಬುದರಿಂದ ಹಿಡಿದು ಸಮಸ್ತವೂ ತಿಳಿದಿರಬೇಕು. ಅದರ ಮೇಲೆ ಇನ್ನೊಂದು. ಯಾರಾದರೂ ಒಳಗೆ ಹೋಗಿ ಬಾಗಿಲು ಹಾಕಿಕೊಂಡರೆ ಸಾಕು, ಶೈಲಜಮ್ಮ ಮಿಕ್ಸಿ ಹಾಕುವರು. ಬೇಗ ಎಬ್ಬಿಸುವ ಉಪಾಯ ಎಂದು ಕೆಲವರು, ಕೆಲಸದ ನೆಪ ಮಾಡಿ ಕಿವಿ ಕೊಡುತ್ತಾರೆ ಎಂದು ಉಳಿದವರು. ಅವರ ಚಟ್ನಿಪುಡಿಯಂತೂ ಮುಖಕ್ಕೆ ಹಚ್ಚಿಕೊಳ್ಳುವಷ್ಟು ನುಣ್ಣಗಿರುತ್ತಿತ್ತು. ಒಂದೊಂದು ಪೊಟ್ಟಣದ ಹಿಂದೆ ಎಷ್ಟು ಉದ್ದದ ಕರೆ ಇತ್ತೋ.

ಕೈಗೆಲ್ಲ ಮೊಬೈಲು ಬಂದು ಬೂತಿನ ಲೈನು ಹೋಗಿ ಬಹಳ ಕಾಲವಾದರೂ ಆ ಬಾಗಿಲು ತೆರೆದು ಮುಚ್ಚುವುದು ನಿಂತಿರಲಿಲ್ಲ. ಹೆಂಗಸರು ಬರುವರು, ಚಪ್ಪಲಿ ಬಿಟ್ಟು ಒಳಗೆ ಹೋಗುವರು, ಮಿಕ್ಸಿ ತಿರುಗುವುದು, ಹೊರಗೆ ಬಂದು ಒಂದು ಪೊಟ್ಟಣ ಪುಡಿ ಹಿಡಿದು ಹೋಗುವರು. ಚೀಟಿ ವ್ಯವಹಾರ ಎಂದು ಬೀದಿ ತೀರ್ಮಾನಿಸಿತ್ತು.

ನಾನು ಅಲ್ಲಿಗೆ ಹೋದದ್ದು ವಸಿಷ್ಠ ಎಂಬ ಹುಡುಗನ ಸಲುವಾಗಿ. ಬಳೇಪೇಟೆಯಲ್ಲಿ ನಮ್ಮ ತಂದೆ ಬಳೆ ಮಾರಿದ ಮಳಿಗೆಯಲ್ಲಿ ನಾನು ಹಳೆ ಬಾಗಿಲು, ಕಿಟಕಿ, ಹಿತ್ತಾಳೆ ಚಿಲಕ ಮಾರುತ್ತೇನೆ. ಬೀಳುವ ಮನೆ ಎಲ್ಲಿದೆ ಎಂಬ ಸುದ್ದಿ ಮನೆಯವರಿಗಿಂತ ಮೊದಲು ನನಗೆ ಬರುತ್ತದೆ. ವಸಿಷ್ಠ ಬಸವನಗುಡಿಯಲ್ಲಿ ಕಾಫಿ ಅಂಗಡಿ ತೆಗೆಯುವವನಿದ್ದ. ಗಿರಾಕಿಗಳು ಒಳಗೆ ಕೂತು ಫೋಟೋ ತೆಗೆಸಿಕೊಳ್ಳಲು ಅವನಿಗೊಂದು ಹಳೆ ಬೂತು ಬೇಕಿತ್ತು. ಬಾಗಿಲು ಕಿತ್ತು, ಕೆಂಪು ಬಣ್ಣ ಬಳಿದು, ಒಳಗೆ ದೀಪ ಹಾಕುವ ಯೋಜನೆ. ಅತ್ತ ಶೈಲಜಮ್ಮನ ಮಳಿಗೆಯಿದ್ದ ಕಟ್ಟಡವನ್ನು ಮಾಲೀಕರು ಕೆಡವಲು ಹೊರಟಿದ್ದರು. ಶೈಲಜಮ್ಮ ಶ್ರೀರಾಂಪುರದಲ್ಲಿದ್ದ ತಂಗಿಯ ಒಂಟಿ ಕೋಣೆಯ ಮನೆಗೆ ಹೋಗಬೇಕಿತ್ತು. ಅಲ್ಲಿ ಬೂತು ಇಟ್ಟರೆ ತಂಗಿ ಹೊರಗೆ ಮಲಗಬೇಕು. ಇಷ್ಟು ಹದವಾಗಿ ಬೆಂದ ವ್ಯಾಪಾರ ದಿನಾ ಸಿಗುವುದಿಲ್ಲ.

ಒಳ್ಳೆಯ ಬೆಲೆಯನ್ನೇ ಹೇಳಿದೆ. ಶೈಲಜಮ್ಮ ಬೆಲೆಯ ಮಾತೇ ಎತ್ತಲಿಲ್ಲ.

"ಬಾಗಿಲು ಕೀಳಬಾರದು. ಬಂದವರು ಹಾಕ್ಕೊಂಡು ಕೂರೋ ಹಂಗಿರಬೇಕು. ಹೊರಗಡೆ ಯಾವಾಗ್ಲೂ ಸದ್ದಿರಬೇಕು. ಅಂಥ ಜಾಗ ಇದ್ರೆ ಹೇಳಿ ರುದ್ರೇಶಪ್ಪ, ಹಂಗೇ ತಗೊಂಡೋಗಿ," ಎಂದರು.

ಬೆಲೆ ಜಗ್ಗುವವರನ್ನು ನಾನು ನಂಬುತ್ತೇನೆ. ಬಿಟ್ಟಿ ಕೊಡುತ್ತೇನೆ ಎಂದು ಷರತ್ತು ಹಾಕುವವರ ಹತ್ತಿರ ಜೇಬು ಮುಟ್ಟಿ ನೋಡಿಕೊಳ್ಳುತ್ತೇನೆ. ಅಳತೆ ತೆಗೆಯುವ ನೆಪದಲ್ಲಿ ಬೂತಿನ ಹಲಗೆಗಳನ್ನೆಲ್ಲ ಬೆರಳಿಂದ ಬಡಿದೆ. ಎಲ್ಲೂ ಟೊಳ್ಳಿರಲಿಲ್ಲ. ಸ್ಟೂಲು ಎತ್ತಿ ನೋಡಿದೆ. ಕೆಳಗೊಂದು ಕೂದಲಿನ ಕ್ಲಿಪ್ಪು ಬಿದ್ದಿತ್ತು, ಅದನ್ನೂ ಅವರೇ ತೆಗೆದಿಟ್ಟುಕೊಂಡರು. ಬಿಟ್ಟು ಹೋದವರು ಕೇಳಿಕೊಂಡು ಬರುತ್ತಾರಂತೆ.

ಹೊರಗೆ ಬಂದರೆ ಎದುರುಮನೆಯ ಮೂರ್ತಿಯವರು ಕಾದು ನಿಂತಿದ್ದರು. ಸರ್ಕಾರಿ ಕಚೇರಿಯಿಂದ ನಿವೃತ್ತರಾದ ಮೇಲೆ ಬೀದಿಯನ್ನೇ ಕಚೇರಿ ಮಾಡಿಕೊಂಡವರು. ಯಾವಾಗ ಸಾಗಿಸುತ್ತೀರಿ ಎಂದು ಕೇಳಿದರು. ಆದಷ್ಟು ಬೇಗ, ಆದಷ್ಟು ದೂರ ಸಾಗಿಸಬೇಕೆಂಬುದು ಅವರ ಆಸೆ. ಆಮೇಲೆ ತಮ್ಮ ದುಃಖಕ್ಕೆ ಬಂದರು.

"ನಮ್ಮನೇಲಿರೋದು ಇಬ್ರು. ನಮ್ಮನೆಯವಳು ವಾರ ವಾರ ಇಲ್ಲಿಂದ ಚಟ್ನಿಪುಡಿ ತರ್ತಾಳೆ. ನನಗೆ ಅಸಿಡಿಟಿ, ಅವಳಿಗೆ ಖಾರ ಆಗಲ್ಲ. ಮತ್ತೆ ತಿನ್ನೋರು ಯಾರ್ರೀ? ಡಬ್ಬಗಳು ಅಟ್ಟದ ಮೇಲೆ ಕೂತು ನನ್ನೇ ನೋಡ್ತವೆ."

ಮಾಟಗೀಟ ಏನಾದರೂ ಇರಬಹುದೇ ಎಂದು ದನಿ ತಗ್ಗಿಸಿ ಕೇಳಿದರು. ಪುಡಿಯಲ್ಲಿ ಉಪ್ಪು ಹೆಚ್ಚಿರಬಹುದು, ಮಾಟ ಇರಲಿಕ್ಕಿಲ್ಲ ಎಂದೆ. ಅವರಿಗೆ ಸಮಾಧಾನವಾಗಲಿಲ್ಲ. ಮೂರ್ತಿಯವರಿಗೆ ಸುಪ್ರಜಾ ಎಂಬ ಮಗಳಿರುವುದು, ಅವಳು ತನಗೆ ಬೇಕಾದವನನ್ನು ಮದುವೆಯಾಗಿ ಮತ್ತಿಕೆರೆಯಲ್ಲಿರುವುದು, ಆ ಹೆಸರನ್ನು ಮನೆಯಲ್ಲಿ ಎತ್ತಕೂಡದೆಂದು ಇವರು ಆಜ್ಞೆ ಮಾಡಿರುವುದು, ಇದನ್ನೆಲ್ಲ ಪಕ್ಕದ ಅಂಗಡಿಯವನು ನಾನು ಕೇಳದೆಯೇ ಹೇಳಿದ.

ಎರಡನೆಯ ಸಲ ಹೋದಾಗ ಮೂರ್ತಿಯವರ ಹೆಂಡತಿ ಕಾವೇರಮ್ಮ ಬೂತಿನೊಳಗೆ ಹೋಗುತ್ತಿದ್ದರು. ನೀಲಿ ಪಟ್ಟಿಯ ಚಪ್ಪಲಿಯನ್ನು ಬಾಗಿಲ ಬಳಿ ಜೋಡಿಸಿಟ್ಟು, ಸೆರಗಿನ ಮರೆಯಿಂದ ಮೊಬೈಲು ತೆಗೆದು, ಬಾಗಿಲು ಹಾಕಿಕೊಂಡರು. "ಊಟ ಆಯ್ತಾ ಸುಪ್ರಜಾ?" ಎಂಬಷ್ಟು ತೂತಿನಿಂದ ಇಳಿಯಿತು. ಅಷ್ಟರಲ್ಲಿ ಶೈಲಜಮ್ಮ ಮಿಕ್ಸಿ ಹಾಕಿದರು. ಮುಂದಿನದು ನನಗೂ ಕೇಳಲಿಲ್ಲ, ಯಾರಿಗೂ ಕೇಳಲಿಲ್ಲ.

ಮನೆಯಲ್ಲಿ ಮೂರ್ತಿಯವರು ಬೆಳಗಿನಿಂದ ಸಂಜೆಯವರೆಗೂ ಇರುತ್ತಾರೆ. ಪಾರ್ಕಿನಲ್ಲಿ ಅವರ ವಾಕಿಂಗ್ ಬಳಗ, ದೇವಸ್ಥಾನದಲ್ಲಿ ಅವರ ಭಜನೆ ಬಳಗ. ಆ ಹೆಂಗಸು ಬಾಗಿಲು ಹಾಕಿಕೊಂಡು ಮಗಳೊಂದಿಗೆ ಮಾತಾಡಲು ಇಡೀ ಚಾಮರಾಜಪೇಟೆಯಲ್ಲಿ ಇದ್ದದ್ದು ಕಾಳಪ್ಪ ಮಾಡಿದ ಆ ಮರದ ಗೂಡು ಒಂದೇ.

ಅವರು ಪುಡಿ ತೆಗೆದುಕೊಂಡು ಹೋದ ಮೇಲೆ ನನ್ನ ಮೊಬೈಲು ಬಡಿದುಕೊಂಡಿತು, ವಸಿಷ್ಠ. ಬೀದಿಯಲ್ಲಿ ಮೂರ್ತಿಯವರು ಕಿವಿ ನಿಮಿರಿಸಿ ನಿಂತಿದ್ದರು. ಶೈಲಜಮ್ಮ ಬೂತಿನ ಕಡೆ ಕೈ ತೋರಿಸಿ, ಒಳಗೆ ಹೋಗಿ ಮಾತಾಡಿ, ಚಪ್ಪಲಿ ಬಿಡಿ ಎಂದರು. ಬಿಟ್ಟೆ. ಬಾಗಿಲು ಹಾಕಿದೆ. ಮಿಕ್ಸಿ ಶುರುವಾಯಿತು. ಆ ಧೈರ್ಯದ ಮೇಲೆ ನಾನು ವಸಿಷ್ಠನಿಗೆ ವ್ಯಾಪಾರದ ಬುದ್ಧಿ ಹೇಳಿಕೊಟ್ಟೆ.

"ಎಲ್ಲದಕ್ಕೂ ಹೂಂ ಅಂದ್ಬಿಡೋಣ. ಬೂತು ನಿಮ್ಮ ಅಂಗಡಿಗೆ ಬಂದ್ಮೇಲೆ ಬಾಗಿಲು ಕೀಳಿ, ಛಾವಣಿ ಕೀಳಿ. ನೋಡೋಕೆ ಈಯಮ್ಮ ಬರ್ತಾರಾ?"

ಹೊರಗೆ ಬಂದಾಗ ಮಿಕ್ಸಿ ಇನ್ನೂ ತಿರುಗುತ್ತಿತ್ತು. ಪಾರದರ್ಶಕ ಮುಚ್ಚಳದ ಜಾರು. ಒಳಗೆ ಏನೂ ಇರಲಿಲ್ಲ. ಮೆಣಸಿನಕಾಯಿಯಿಲ್ಲ, ಕಡಲೆಯಿಲ್ಲ, ಬರೀ ಬ್ಲೇಡು ಗಾಳಿಯನ್ನು ಕಡಿಯುತ್ತಿತ್ತು.

"ಏನು ಪುಡಿ ಮಾಡ್ತಿದೀರಿ?" ಎಂದೆ.

"ನಿಮ್ಮ ಮಾತು," ಎಂದು ಶೈಲಜಮ್ಮ ಸ್ವಿಚ್ಚು ಆರಿಸಿದರು.

ಆಮೇಲೆ ಅವರು ಹೇಳಿದ್ದು ಇಷ್ಟು. ಸಿದ್ದಬಸಪ್ಪನವರು ಕೆಟ್ಟವರಲ್ಲ, ಆದರೆ ಹೊಟ್ಟೆಯಲ್ಲಿ ಮಾತು ನಿಲ್ಲುತ್ತಿರಲಿಲ್ಲ. ಬೀದಿಯ ಹುಡುಗಿಯೊಬ್ಬಳು ಬೂತಿನಲ್ಲಿ ಕೂತು, ತನಗೆ ಗೊತ್ತುಮಾಡಿದ ಗಂಡು ಇಷ್ಟವಿಲ್ಲವೆಂದು ಗೆಳತಿಗೆ ಹೇಳಿಕೊಂಡಳು. ತೂತಿನಿಂದ ಇಳಿದದ್ದನ್ನು ಗಂಡ ಹೋಟೆಲಿನಲ್ಲಿ ನಗುತ್ತಾ ಇಳಿಸಿದರು. ಸಂಜೆಯೊಳಗೆ ಗಂಡಿನ ಮನೆಗೆ ಮುಟ್ಟಿತು. ಹುಡುಗಿಗೆ ಮನೆಯಲ್ಲಿ ಏಟು ಬಿತ್ತು, ಆ ಸಂಸಾರ ಬೀದಿಯನ್ನೇ ಬಿಟ್ಟು ಹೋಯಿತು. ಮರುದಿನದಿಂದ, ಯಾರು ಒಳಗೆ ಹೋದರೂ ಶೈಲಜಮ್ಮ ಮಿಕ್ಸಿ ಹಾಕಲು ಶುರುಮಾಡಿದರು, ಗಂಡನಿಗೂ ಕೇಳಬಾರದು, ತನಗೂ ಕೇಳಬಾರದು. ಮೊದಮೊದಲು ಪುಡಿಯೇ ಮಾಡುತ್ತಿದ್ದರು. ಬೀದಿ ಎಷ್ಟು ಪುಡಿ ತಿಂದೀತು? ಆಮೇಲೆ ಖಾಲಿ ಜಾರು. ತೂತಿಗೊಂದು ಹಲಗೆ ಬಡಿಯಬಹುದಿತ್ತಲ್ಲ ಎಂದೆ. ಬಾಗಿಲೂ ಮುಚ್ಚಿ ತೂತೂ ಮುಚ್ಚಿದರೆ ಒಳಗೆ ಕೂತು ಅಳುವವರಿಗೆ ಉಸಿರು ಬೇಡವೇ ಎಂದು ಕೇಳಿದರು.

"ಫೋನ್ ಹೋಯ್ತು ರುದ್ರೇಶಪ್ಪ, ಮಾತಾಡೋರು ಹೋಗ್ಲಿಲ್ಲ. ಬಾಗಿಲು ಕಿತ್ತರೆ ಅವರೆಲ್ಲಿಗೆ ಹೋಗ್ತಾರೆ?"

ನಾನು ವಸಿಷ್ಠನಿಗೆ ಹೇಳಿದ್ದು ಅವರಿಗೆ ಕೇಳಿಸಿತೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ. ಅವರು ನನ್ನ ಮುಖ ನೋಡಿದ ರೀತಿಯಲ್ಲಿ ಎರಡಕ್ಕೂ ಜಾಗವಿತ್ತು. ಸುಳ್ಳು ಸಿಕ್ಕಿಬಿದ್ದರೆ ನಕ್ಕುಬಿಡಬಹುದು, ಸಿಗದಿದ್ದರೆ ಲಾಭ ಮಾಡಿಕೊಳ್ಳಬಹುದು. ಎರಡರ ನಡುವೆ ನಿಂತು ವ್ಯಾಪಾರ ಮಾಡುವುದು ಕಷ್ಟ. ವಸಿಷ್ಠನಿಗೆ ಫೋನು ಮಾಡಿ, ಹಲಗೆಗೆ ಹುಳ ಬಿದ್ದಿದೆ, ನಿಮಗೆ ಬೇರೆಯದು ನೋಡುತ್ತೇನೆ ಎಂದೆ. ಈ ಸಲ ಬೀದಿಯಲ್ಲೇ ನಿಂತು ಮಾತಾಡಿದೆ.

ಬೂತನ್ನು ಬಿಚ್ಚಿ, ಟೆಂಪೋದಲ್ಲಿ ತಂದು, ನನ್ನ ಮಳಿಗೆಯ ಹಿಂಭಾಗದಲ್ಲಿ ಮತ್ತೆ ಜೋಡಿಸಿದೆವು. ಹಳೆಯ ಕೀಲುಗಳನ್ನೇ ಹಾಕಿ, ತೇಗಕ್ಕೆ ಎಣ್ಣೆಯುಜ್ಜಿದ್ದು ಬಿಟ್ಟರೆ ಬೇರೇನೂ ಮುಟ್ಟಲಿಲ್ಲ. ಶೈಲಜಮ್ಮ ಮಿಕ್ಸಿಯನ್ನೂ ಜೊತೆಗೇ ಕಳಿಸಿದರು. ಎರಡೂ ಸೇರಿ ಒಂದು ಸೆಟ್ಟಂತೆ. ಬಳೇಪೇಟೆಯಲ್ಲಿ ತಳ್ಳುಗಾಡಿ, ಸ್ಕೂಟರು, ಕೂಗಾಟ ಎಲ್ಲ ಇದೆ, ಮಿಕ್ಸಿ ಯಾಕೆ ಎಂದೆ. ಬೀದಿಯ ಸದ್ದು ತನಗೆ ಬೇಕಾದಾಗ ನಿಲ್ಲುತ್ತದೆ, ಇದು ನೀವು ಹೇಳಿದಾಗ ಮಾತ್ರ ನಿಲ್ಲುತ್ತದೆ ಎಂದರು. ಆಗಾಗ ಶ್ರೀರಾಂಪುರದಿಂದ ಬಸ್ಸು ಹತ್ತಿ ಬಂದು ಬಾಗಿಲನ್ನು ತೆಗೆದು ಹಾಕಿ ನೋಡುತ್ತಾರೆ. ಗಾಜಿನ ಮೇಲೆ ಬೆರಳಾಡಿಸಿ ಧೂಳು ನನಗೆ ತೋರಿಸುತ್ತಾರೆ. ನನ್ನ ಮೇಲೆ ಅವರಿಗೂ ನಂಬಿಕೆ ಕಡಿಮೆಯೇ.

ಹಳಬರು ಒಬ್ಬೊಬ್ಬರೇ ಜಾಗ ಹುಡುಕಿಕೊಂಡು ಬಂದರು. ಕಾವೇರಮ್ಮನವರೂ ಬಂದರು. ನನ್ನಲ್ಲಿ ಚಟ್ನಿಪುಡಿ ಇಲ್ಲವಲ್ಲ, ಮನೆಗೆ ತೋರಿಸಲು ಒಂದೊಂದು ಸಲ ಒಂದೊಂದು ಚಿಲಕ ಕೊಂಡರು. ನನ್ನ ಹೆಂಡತಿಗೆ ಈ ಹೆಂಗಸರ ದಂಡನ್ನು ನೋಡಿ ಅನುಮಾನ. ಪಕ್ಕದ ಮಳಿಗೆಯವರಿಗೆ ನಾನು ಚೀಟಿ ಶುರುಮಾಡಿದ್ದೇನೆಂದು ಅನುಮಾನ.

ಒಂದು ದಿನ ಶೈಲಜಮ್ಮ ತಪಾಸಣೆಗೆ ಬಂದು ಕೂತಿದ್ದರು. ಬೂತಿನೊಳಗೆ ಕಾವೇರಮ್ಮ, ಹೊರಗೆ ನೀಲಿ ಪಟ್ಟಿಯ ಚಪ್ಪಲಿ. ಆಗ ಮೂರ್ತಿಯವರು ಕೈಯಲ್ಲೊಂದು ಭಾರದ ಚೀಲ ಹಿಡಿದು ಮಳಿಗೆಯೊಳಗೆ ಬಂದರು. ಅಟ್ಟದ ಮೇಲಿನ ಡಬ್ಬಗಳ ಪಕ್ಕ ಈಗ ಚಿಲಕಗಳೂ ಕೂತು ಅವರನ್ನು ನೋಡುತ್ತಿದ್ದವಂತೆ. ವಾಪಸು ತೆಗೆದುಕೊಳ್ಳಿ ಎಂದು ಚೀಲವನ್ನು ನನ್ನ ಮುಂದಿಟ್ಟರು. ಶೈಲಜಮ್ಮ ಎದ್ದು ಮಿಕ್ಸಿಯನ್ನು ಇನ್ನೂ ಜೋರು ಮಾಡಿದರು.

ಮೂರ್ತಿಯವರು ಸದ್ದು ಬಂದ ಕಡೆ ತಿರುಗಿದರು. ಬೂತು ನೋಡಿದರು, ಶೈಲಜಮ್ಮನನ್ನು ನೋಡಿದರು, ಜಾರಿನ ಮೇಲೆ ಬಗ್ಗಿದರು.

"ಇದ್ರಲ್ಲಿ ಏನೂ ಇಲ್ವಲ್ರೀ?"

"ನುಣ್ಣಗಾಗಿದೆ. ಕಾಣಲ್ಲ," ಎಂದರು ಶೈಲಜಮ್ಮ.

ಬಗ್ಗಿದವರ ಕಣ್ಣು ಹಾಗೆಯೇ ಕೆಳಗಿಳಿದು ಚಪ್ಪಲಿಯ ಮೇಲೆ ನಿಂತಿತು. ಒಂದರ ನೀಲಿ ಪಟ್ಟಿಗೆ ಬೇರೆ ಬಣ್ಣದ ದಾರದಲ್ಲಿ ಹೊಲಿಗೆ ಹಾಕಿಸಿತ್ತು. ಅವರೇ ಹಾಕಿಸಿದ್ದಿರಬೇಕು. ಗಾಜಿನ ಹಿಂದೆ ಮಸುಕಾಗಿ ಯಾರೋ ಕೂತಿದ್ದು, ತಲೆಯಾಡಿಸಿ ನಗುತ್ತಿದ್ದದ್ದು ಕಾಣುತ್ತಿತ್ತು. ಬಾಗಿಲ ಹಿಡಿ ಅವರ ಕೈಗೆ ಎಟುಕುವಷ್ಟು ಹತ್ತಿರವಿತ್ತು. ನಾನು ಚಿಲಕ ಎಣಿಸುವವನಂತೆ ಚೀಲದೊಳಗೆ ಕೈ ಇಟ್ಟುಕೊಂಡೇ ನಿಂತೆ.

ಮೂರ್ತಿಯವರು ಬಾಗಿಲು ಮುಟ್ಟಲಿಲ್ಲ. ನನ್ನ ಬಳಿ ಬಂದು ಚೀಲವನ್ನು ಎತ್ತಿಕೊಂಡರು. ಮಿಕ್ಸಿಯ ಸದ್ದಿನಲ್ಲಿ ಬಾಯಾಡಿದ್ದು ಕಂಡಿತೇ ಹೊರತು ಏನೆಂದರೆಂದು ಕೇಳಲಿಲ್ಲ. ಹೊರಟುಹೋದರು. ಚಪ್ಪಲಿಯ ಗುರುತು ಅವರಿಗೆ ಸಿಕ್ಕಿತಾ ಎಂದು ನಾನು ಶೈಲಜಮ್ಮನನ್ನು ಕೇಳಿದೆ. ತನಗೆ ಕಿವಿಯ ಹಾಗೆ ಕಣ್ಣೂ ಮಂದ ಎಂದರು.

ಮುಂದಿನ ವಾರ ಕಾವೇರಮ್ಮ ಬಂದರು. ಚಪ್ಪಲಿ ಬಿಡುವ ಮೊದಲು ನನ್ನ ಮುಂದೆ ನಿಂತು, ಸ್ವಲ್ಪ ಗೊಂದಲದಲ್ಲೇ ಹೇಳಿದರು.

"ಈ ಸಲ ಅವರೇ ಹೇಳಿ ಕಳ್ಸಿದಾರೆ. ಬಚ್ಚಲುಮನೆಗೆ ಚಿಲಕ ಬೇಕಂತೆ. ನಿಧಾನವಾಗಿ ನೋಡಿ ತಗೊಂಡು ಬಾ ಅಂದ್ರು."

ಅವರ ಬಚ್ಚಲುಮನೆಗೆ ಆಗಲೇ ಎರಡು ಚಿಲಕ ಮಾರಿದ್ದು ನನಗೆ ನೆನಪಿತ್ತು. ನಾನು ಮಿಕ್ಸಿ ಹಾಕಿದೆ.