ಕಾರ್ಬನ್ ಪ್ರತಿಯ ಸಾಕ್ಷಿ

ಈ ಸಂಗತಿಯನ್ನು ಯುವಜನರ ಕೂಟಗಳಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಹೇಳಿದಂತೆಲ್ಲ ಅದು ನುಣ್ಣಗಾಗುತ್ತ ಬಂತು. ಹರಪನಹಳ್ಳಿಯ ಒಂದು ಕೂಟದಲ್ಲಿ ಹೇಳುವಾಗ ನನಗೇ ತಿಳಿಯದಂತೆ ಒಂದು ಮಳೆ ಬಂದು ಸೇರಿಕೊಂಡಿತು. ಹುಡುಗಿ ನದಿಯಿಂದ ಮೇಲೆ ಬಂದಳು, ಮಳೆ ಶುರುವಾಯಿತು. ಕೇಳಿದವರು ಕಣ್ಣೊರೆಸಿಕೊಂಡರು. ಆಮೇಲೆ ಆ ಮಳೆಯನ್ನು ಬಿಡಲು ನನಗೆ ಮನಸ್ಸಾಗಲಿಲ್ಲ. ನಿಜವಾಗಿ ಮಳೆ ಬಂದಿರಲಿಲ್ಲ. ಮೇ ತಿಂಗಳ ಬಿಸಿಲು ಬೆಳಿಗ್ಗೆ ಎಂಟಕ್ಕೇ ನೆತ್ತಿ ಸುಡುತ್ತಿತ್ತು. ಈಗ ಬರೆಯುವಾಗ ಅಂಥವನ್ನೆಲ್ಲ ಕಿತ್ತು ಹಾಕುತ್ತಿದ್ದೇನೆ. ಉಳಿದದ್ದು ನಿಲ್ಲುತ್ತದೆಯೋ ಇಲ್ಲವೋ ನೋಡೋಣ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ನಾನು ಕೂಡ್ಲಿಗಿಯ ಒಂದು ಟೈಪಿಂಗ್ ಶಾಲೆಯಲ್ಲಿ ಕನ್ನಡ ಟೈಪಿಂಗ್ ಕಲಿಸುತ್ತಿದ್ದೆ. ಭಾನುವಾರ ಆರಾಧನೆ ಮುಗಿದ ಮೇಲೆ ನಮ್ಮ ಸಣ್ಣ ಕ್ರೈಸ್ತ ಸಭೆಯ ಹದಿಹರೆಯದವರ ಕೂಟ ನನ್ನ ಪಾಲಿನದು. ಶನಿವಾರ ಸಂಜೆ ಬಸ್ಸು ಹತ್ತಿ ಕೊಟ್ಟೂರಿಗೆ ಹೋಗಿ ಅಲ್ಲಿನ ಮಕ್ಕಳ ಜೊತೆಗೂ ಕೂರುತ್ತಿದ್ದೆ. ಹಾಡು, ಪ್ರಾರ್ಥನೆ, ಬೈಬಲ್ ವಚನ ಬಾಯಿಪಾಠ, ಕೊನೆಗೆ ಕೇರಂ. ಕೇರಂಗಾಗಿಯೇ ಬರುವವರು ಹೆಚ್ಚು ಎಂದು ನನಗೆ ಗೊತ್ತಿತ್ತು. ಬರಲಿ ಎಂದುಕೊಳ್ಳುತ್ತಿದ್ದೆ.

ನಮ್ಮ ಸಭೆಗಳಲ್ಲಿ ಎಳೆಯ ಮಕ್ಕಳಿಗೆ ದೀಕ್ಷಾಸ್ನಾನವಿಲ್ಲ. ಬೆಳೆದ ಮೇಲೆ ತಾವೇ ಕೇಳಿಕೊಂಡು ಹಿರಿಯರ ಮುಂದೆ ನಿಂತು ಸಾಕ್ಷಿ ಹೇಳಬೇಕು, ಅಂದರೆ ಕ್ರಿಸ್ತನನ್ನು ಯಾವಾಗ ನಂಬಿದೆ, ಹೇಗೆ ನಂಬಿದೆ ಎಂದು ತಮ್ಮ ಬಾಯಿಂದಲೇ ಹೇಳಬೇಕು. ಹಿರಿಯರು ಒಪ್ಪಿದರೆ ಹೊಳೆಯ ನೀರಿಗೆ ಇಳಿಸಿ ಮುಳುಗಿಸಿ ಎತ್ತುತ್ತಾರೆ. ಅಲ್ಲಿಯವರೆಗೆ ಕರ್ತನ ಮೇಜಿನ ರೊಟ್ಟಿಯಲ್ಲಿ, ಅಂದರೆ ಯೇಸುವಿನ ನೆನಪಿಗೆ ಭಾನುವಾರ ಎಲ್ಲರೂ ಮುರಿದು ತಿನ್ನುವ ರೊಟ್ಟಿಯಲ್ಲಿ, ಪಾಲಿಲ್ಲ.

ನಮ್ಮ ಕೂಟದಲ್ಲಿ ಹದಿನಾರರ ಒಬ್ಬ ಹುಡುಗಿ ಇದ್ದಳು. ಭಾನುವಾರ ರೊಟ್ಟಿಯ ತಟ್ಟೆ ಸಾಲಿನಲ್ಲಿ ಕೈಯಿಂದ ಕೈಗೆ ಬರುವಾಗ ಎಡಗಡೆ ಕೂತ ತಾಯಿಯಿಂದ ತೆಗೆದುಕೊಂಡು, ತಾನು ಮುರಿಯದೆ, ಬಲಗಡೆಯವರಿಗೆ ಕೊಡುತ್ತಿದ್ದಳು. ಎರಡು ಬೇಸಿಗೆ ಅವಳು ದೀಕ್ಷಾಸ್ನಾನ ಕೇಳಿದ್ದಳು. ಎರಡು ಸಲವೂ ಮುಂದಕ್ಕೆ ಹಾಕಿದ್ದರು. ಕಾರಣ, ಅವಳ ಹತ್ತಿರ ತಾರೀಖು ಇರಲಿಲ್ಲ.

ತಾರೀಖು ಕೇಳುತ್ತಿದ್ದವರು ಹಗರಿಬೊಮ್ಮನಹಳ್ಳಿಯ ಹಿರಿಯರು, ನಿವೃತ್ತ ಹೆಡ್‌ಮಾಸ್ತರು. ಐದು ಊರಿನ ನಮ್ಮ ಸಭೆಗಳಿಗೆಲ್ಲ ಅವರ ಮಾತೇ ಕೊನೆ. ತಾವು ಕ್ರಿಸ್ತನನ್ನು ನಂಬಿ ರಕ್ಷಣೆ ಹೊಂದಿದ ದಿನ, ತಿಂಗಳು, ಗಂಟೆಯನ್ನು ಪ್ರತಿ ಉಪದೇಶದಲ್ಲೂ ಹೇಳುತ್ತಿದ್ದರು. ಹಿಂದಿನ ಬೇಸಿಗೆ ಈ ಹುಡುಗಿ ಅವರಿಗೆ ಹೇಳಿದ್ದು ಇಷ್ಟೇ.

“ಗೊತ್ತಿಲ್ರಿ ಸರ. ಸಣ್ಣಾಕಿ ಇದ್ದಾಗಿಂದ ಐತಿ.”

“ಕೂಸು ಹುಟ್ಟಿದ್ದಕ್ಕೂ ಒಂದು ತಾರೀಖು ಇರತೈತವ್ವಾ. ಮುಂದಿನ ವರ್ಷ ನೋಡೋಣು.”

ಈಗ ಆ ಮುಂದಿನ ವರ್ಷ ಬಂದಿತ್ತು. ಜೂನಿನಲ್ಲಿ ಅವಳು ಕಾಲೇಜು ಸೇರಲು ದಾವಣಗೆರೆಯ ಹಾಸ್ಟೆಲಿಗೆ ಹೋಗುವವಳು. ಹೋಗುವುದರೊಳಗೆ ಒಂದು ಭಾನುವಾರವಾದರೂ ತಾಯಿಯ ಪಕ್ಕ ಕೂತು ಆ ತಟ್ಟೆಯಿಂದ ಮುರಿಯಬೇಕೆಂಬುದು ಅವಳ ಆಸೆ. ಅದನ್ನು ಅವಳು ನನಗೆ ಹೇಳಿದ್ದು ಟೈಪಿಂಗ್ ಶಾಲೆಯ ಮೆಟ್ಟಿಲ ಮೇಲೆ. ಅತ್ತಳು ಎಂದು ಹೇಳುತ್ತ ಬಂದಿದ್ದೇನೆ. ಅತ್ತಿರಲಿಲ್ಲ, ಸಿಟ್ಟಾಗಿದ್ದಳು.

ಸಹಾಯ ಮಾಡೋಣವೆಂದು ನಾನು ಮಾಡಿದ್ದು ಇದು. ಅವಳಿಗೊಂದು ಸಾಕ್ಷಿ ಟೈಪ್ ಮಾಡಿದೆ. ಮೊದಲು ಕತ್ತಲೆ, ನಡುವೆ ಕರೆ, ಕೊನೆಗೆ ಬೆಳಕು. ‘ಸಿನಿಮಾ ಎಂಬ ಕತ್ತಲೆಯಲ್ಲಿ ಅಲೆಯುತ್ತಿದ್ದೆನು, ತಂದೆತಾಯಿಗೆ ಎದುರು ನುಡಿಯುತ್ತಿದ್ದೆನು, ಒಂದು ಶುಕ್ರವಾರ ಸಂಜೆ ಆರೂವರೆಗೆ ಕರ್ತನು ನನ್ನ ಹೃದಯದ ಬಾಗಿಲು ತಟ್ಟಿದನು.’ ಕೈಯ ಅಭ್ಯಾಸ, ಹಾಳೆಯ ಕೆಳಗೆ ಕಾರ್ಬನ್ ಇಟ್ಟಿದ್ದೆ. ಶನಿವಾರ ಕೊಟ್ಟೂರಿನಲ್ಲಿ ಒಬ್ಬ ಹುಡುಗ ಸಾಕ್ಷಿ ಹೇಗಿರಬೇಕು ಎಂದು ಕೇಳಿದಾಗ, ಮಾದರಿಗೆ ಇರಲಿ ಎಂದು ಒಂದು ಪ್ರತಿ ಕೊಟ್ಟೆ.

ಹುಡುಗಿ ಹಾಳೆ ಓದಿ, “ಅಣ್ಣಾ, ನಾನು ಟಾಕೀಸಿಗೆ ಹೋಗೇ ಇಲ್ಲಲ್ಲ” ಅಂದಳು. ಟಿವಿಯಲ್ಲಿ ನೋಡಿರುತ್ತೀಯಲ್ಲ, ಅದೂ ಸಿನಿಮಾನೇ ಎಂದು ನಾನು ಅವಳ ಬಾಯಿ ಮುಚ್ಚಿಸಿದೆ. ದೇವರ ವಿಷಯ ಕಲಿಸಬೇಕಾದವನು ಒಂದು ಸುಳ್ಳಿಗೆ ಕಾಗುಣಿತ ತಿದ್ದಿ ಕೊಟ್ಟಿದ್ದೆ. ಆಗ ಅದು ಹಾಗೆ ಕಂಡಿರಲಿಲ್ಲ.

ಬೇಸಿಗೆ ಶಿಬಿರ ಹಡಗಲಿಯಲ್ಲಿ. ಸಭೆಯ ತಗಡಿನ ಶೆಡ್ಡು, ಮೂರು ದಿನ, ಐದು ಊರಿನ ಹುಡುಗ ಹುಡುಗಿಯರು. ಎರಡನೆಯ ದಿನ ಮಧ್ಯಾಹ್ನ ಸಾಕ್ಷಿಗಳು. ಹಿರಿಯರು ಮುಂದೆ ಕುರ್ಚಿ ಹಾಕಿಕೊಂಡು ತೊಡೆಯ ಮೇಲೆ ನೋಟ್‌ಬುಕ್ ಇಟ್ಟುಕೊಂಡಿದ್ದರು. ಮಕ್ಕಳು ಹಾಡಿನ ಪುಸ್ತಕದಿಂದ ಗಾಳಿ ಬೀಸಿಕೊಳ್ಳುತ್ತಿದ್ದರು. ಕೊಟ್ಟೂರಿನ ಸರದಿ ಮೊದಲು ಬಂತು. ಆ ಹುಡುಗ ಎದ್ದು ನಿಂತು ಎದೆ ಉಬ್ಬಿಸಿ, “ಸಿನಿಮಾ ಎಂಬ ಕತ್ತಲೆಯಲ್ಲಿ ಅಲೆಯುತ್ತಿದ್ದೆನು” ಎಂದು ಶುರು ಮಾಡಿದ.

ಅವನು ಒಂದು ಅಕ್ಷರವನ್ನೂ ಬಿಡಲಿಲ್ಲ. ಶುಕ್ರವಾರ ಬಂತು, ಆರೂವರೆ ಬಂತು, ಬಾಗಿಲು ತಟ್ಟುವುದೂ ಬಂತು. ಹಿರಿಯರು ತಲೆಯಾಡಿಸಿ ಬರೆದುಕೊಂಡರು. ಆಮೇಲೆ ಕೂಡ್ಲಿಗಿಯನ್ನು ಕರೆದರು.

ಹುಡುಗಿ ಎದ್ದಳು. ಕೈಯಲ್ಲಿ ನಾಲ್ಕು ಮಡಿಕೆಯ ಹಾಳೆ ಇತ್ತು. ನನ್ನ ಕಡೆ ಒಮ್ಮೆ ನೋಡಿದಳು. ನಾನು ನೆಲ ನೋಡಿದೆ. ಅದೇ ಮಾತು ಹೇಳಿದರೆ ಸಿಕ್ಕಿಬೀಳುತ್ತಾಳೆ, ಹೇಳದಿದ್ದರೆ ಹಿಂದಿನ ಎರಡು ವರ್ಷದಂತೆಯೇ ಕೂರಬೇಕು.

“ಸರ, ನಂಗ ಬರದು ಕೊಟ್ಟಿದ್ದನ್ನ ಕೊಟ್ಟೂರಣ್ಣ ಹೇಳಿಬಿಟ್ಟ,” ಅಂದಳು. “ಅದು ಅವಂದೂ ಅಲ್ಲ, ನಂದೂ ಅಲ್ಲ.”

ಯಾರೋ ಕಿಸಕ್ಕೆಂದರು. ಹಿರಿಯರು ಪೆನ್ನು ಕೆಳಗಿಟ್ಟರು. ಹಾಗಾದರೆ ನಿನ್ನದು ಏನಿದೆಯೋ ಅದನ್ನೇ ಹೇಳು ಅಂದರು. ದನಿ ಮೆದುವಾಗಿರಲಿಲ್ಲ.

ಅವಳು ಹೇಳಿದ್ದು ತನ್ನ ಓಣಿಯ ನಲ್ಲಿಯ ಸಂಗತಿ. ಅಲ್ಲಿ ನಾಲ್ಕು ದಿನಕ್ಕೊಮ್ಮೆ ನೀರು. ಬೆಳಗಿನಿಂದಲೇ ಕೊಡಗಳನ್ನು ಸಾಲಾಗಿ ಇಟ್ಟು ಜನ ಮನೆಗೆ ಹೋಗುತ್ತಾರೆ. ಕೊಡ ಇದ್ದಲ್ಲಿ ಮನುಷ್ಯರು ಇದ್ದಂತೆ, ಅದನ್ನು ಯಾರೂ ಮುಟ್ಟಬಾರದು. ಪಕ್ಕದ ಮನೆಯಲ್ಲಿ ಒಬ್ಬಂಟಿ ಮುಸ್ಲಿಂ ಅಜ್ಜಿ. ಮಗ ಹೊಸಪೇಟೆಯಲ್ಲಿ ಮೆಕ್ಯಾನಿಕ್. ಒಂದು ದಿನ ಸಾಲಿನ ಹತ್ತಿರ ಯಾರೂ ಇಲ್ಲದಾಗ ಹುಡುಗಿ ಅಜ್ಜಿಯ ನೆಗ್ಗಿದ ಕೊಡವನ್ನು ಕೊನೆಗೆ ಸರಿಸಿ, ಆ ಜಾಗದಲ್ಲಿ ತನ್ನದನ್ನು ಇಟ್ಟಳು. ಅಜ್ಜಿಯ ಸರದಿ ಬರುವಷ್ಟರಲ್ಲಿ ನೀರು ನಿಂತಿತು. ಅಜ್ಜಿ ಯಾರನ್ನೂ ಬೈಯದೆ ಖಾಲಿ ಕೊಡ ಎತ್ತಿಕೊಂಡು ಹೋದಳು.

“ಮನಿಗೆ ಬಂದು ನೀರು ಕುಡದೆ. ಗಂಟಲಾಗ ಇಳೀಲಿಲ್ರಿ.”

ಆಮೇಲೆ ಎರಡು ಕೊಡ ಹೊತ್ತುಕೊಂಡು ಹೋಗಿ ಅಜ್ಜಿಗೆ ಕೊಟ್ಟು, ಸರಿಸಿದವಳು ನಾನೇ ಎಂದು ಹೇಳಿದಳಂತೆ. ಅಂದಿನಿಂದ ನೀರು ಬಂದ ದಿನವೆಲ್ಲ ಅಜ್ಜಿಯ ಮನೆಗೆ ಮೊದಲು ತುಂಬಿಸುತ್ತಾಳೆ. ಇದನ್ನು ತಾಯಿಗೂ ಹೇಳಿರಲಿಲ್ಲ, ನನಗೂ ಹೇಳಿರಲಿಲ್ಲ. ನಾನು ಕೇಳಿಯೂ ಇರಲಿಲ್ಲ.

“ಅದು ಯಾವ ತಾರೀಖವ್ವಾ?” ಅಂದರು ಹಿರಿಯರು. ಪೆನ್ನು ಮತ್ತೆ ಕೈಗೆ ಬಂದಿತ್ತು.

“ತಾರೀಖು ಗೊತ್ತಿಲ್ರಿ. ನಾಕು ದಿನಕ್ಕೊಮ್ಮಿ ನೀರು ಬರ್ತಾವ. ಬಂದಾಗೆಲ್ಲ ಯೇಸಪ್ಪ ಕೇಳ್ತಾನ, ಅಜ್ಜಿ ಕೊಡ ಎಲ್ಲೈತಿ ಅಂತ. ಒಮ್ಮೊಮ್ಮಿ ಇನ್ನೂ ಸರಸಬೇಕು ಅನಸತೈತಿ. ಸರಸಂಗಿಲ್ಲ.”

ಕೂಟಗಳಲ್ಲಿ ಹೇಳುವಾಗ ಇಲ್ಲೊಂದು ಉದ್ದದ ಮೌನ ಸೇರಿಸಿದ್ದೇನೆ. ನಿಜವಾಗಿ, ಅವಳು ಕೂರುವ ಮೊದಲೇ ಕೊಟ್ಟೂರಿನ ಹುಡುಗ ತಾನಾಗಿಯೇ ಎದ್ದ. “ಸರ, ನಂದೂ ಆ ಹಾಳ್ಯಾಗಿಂದು. ನಂಗ ಸಿನಿಮಾ ಹುಚ್ಚಿಲ್ಲ, ಕ್ರಿಕೆಟ್ ಹುಚ್ಚು. ಅಣ್ಣಾರು ಕೇಳಲಾರ್ದ ಬರದಾರ.”

ಹಿರಿಯರು ನನ್ನತ್ತ ತಿರುಗಿದರು. “ಎಷ್ಟು ಕಾಪಿ ತಗದೀಯಪ್ಪಾ?”

“ಮೂರು, ಸರ. ನಾಲ್ಕನೇದು ಸರಿಯಾಗಿ ಮೂಡಂಗಿಲ್ಲ.”

ಶೆಡ್ಡಿನ ತಗಡು ಹಾರುವಂತೆ ಎಲ್ಲರೂ ನಕ್ಕರು. ಹೆಡ್‌ಮಾಸ್ತರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ನಗು ನಿಂತ ಮೇಲೆ ಅವರು ಕನ್ನಡಕ ತೆಗೆದು ಒರೆಸಿ, ಹಾಳೆ ಇದ್ದವರೆಲ್ಲ ಕಿಸೆಯಲ್ಲಿಟ್ಟುಕೊಂಡು ಇದ್ದದ್ದನ್ನು ಇದ್ದಂತೆ ಹೇಳಿರಿ ಅಂದರು. ಹುಡುಗಿಯ ಹೆಸರನ್ನು ನೋಟ್‌ಬುಕ್ಕಿನ ಮೇಲ್ಗಡೆ ಬರೆದರು. ತಾರೀಖಿನ ಕಡೆ ಏನೂ ಬರೆಯಲಿಲ್ಲ.

“ನಾಳೆ ಹೊಳಿಗೆ ಈಕಿ ಮೊದಲು ಇಳೀತಾಳ.”

ಅಂದು ಸಾಕ್ಷಿ ಸಂಜೆಯವರೆಗೆ ನಡೆಯಿತು. ಕೊಟ್ಟೂರಿನ ಹುಡುಗ ಪರೀಕ್ಷೆ ಬಂದಾಗ ಮಾತ್ರ ತಾನು ಪ್ರಾರ್ಥಿಸುವುದು ಅಂದ. ಹರಪನಹಳ್ಳಿಯ ಒಬ್ಬಳು ಅಜ್ಜ ತೀರಿಕೊಂಡಾಗಿನಿಂದ ದೇವರ ಮೇಲೆ ಸಿಟ್ಟಿದೆ, ಆದರೂ ಬೈಯುವುದು ಅವನನ್ನೇ ಅಲ್ಲವೇ ಅಂದಳು. ನಾನು ನಾಲ್ಕು ವರ್ಷ ಕಲಿಸಿ ಈ ಮಕ್ಕಳ ಬಾಯಲ್ಲಿ ಒಂದು ನಿಜ ಕೇಳಿರಲಿಲ್ಲ. ಆ ಮಧ್ಯಾಹ್ನ ಕೇಳುತ್ತಲೇ ಇದ್ದೆ. ಯಾರೂ ಕೇರಂ ಬೋರ್ಡಿನ ಕಡೆ ನೋಡಲಿಲ್ಲ.

ಕೂಟಗಳಲ್ಲಿ ನಾನು ಹೇಳುವ ಕಥೆಯಲ್ಲಿ ಹಿರಿಯರು ಎಲ್ಲರೆದುರು ತಮ್ಮ ತಪ್ಪು ಒಪ್ಪಿಕೊಳ್ಳುತ್ತಾರೆ. ಅದೂ ಆದದ್ದು ಹಾಗಲ್ಲ. ಊಟ ಮುಗಿಸಿ ಕೈ ತೊಳೆಯುವಾಗ, ನನಗೊಬ್ಬನಿಗೇ, ಮುಖ ಆಚೆ ಮಾಡಿ ಹೇಳಿದರು.

“ನನ್ನ ತಾರೀಖೂ ಅಷ್ಟ. ಹಿರ್ಯಾರು ಗದರಿಸಿ ಕೇಳಿದ್ರು, ಬಾಯಿಗೆ ಬಂದದ್ದು ಹೇಳಿದೆ. ಹೇಳಿ ಹೇಳಿ ಖರೇ ಆತು.”

ಮರುದಿನ ಬೆಳಿಗ್ಗೆ ತುಂಗಭದ್ರೆಯ ನೀರು ಸೊಂಟದಷ್ಟಿತ್ತು. ಹುಡುಗಿ ಮೊದಲು ಇಳಿದಳು. ಹಿರಿಯರು ಅವಳ ತಲೆಯ ಹಿಂದೆ ಕೈಯಿಟ್ಟು ಮುಳುಗಿಸಿ ಎತ್ತಿದರು. ದಡದಲ್ಲಿ ಐದೂರಿನ ಮಕ್ಕಳು ಹಾಡುತ್ತಿದ್ದರು. ಶ್ರುತಿ ಒಬ್ಬರದೊಂದು, ದನಿ ಮಾತ್ರ ಹೊಳೆಯಾಚೆಗೆ ಕೇಳಿಸುವಂತೆ. ಶಿಬಿರದ ಅಡಿಗೆಗೆಂದು ಜೊತೆಗೆ ಬಂದಿದ್ದ ತಾಯಿ ಉಟ್ಟ ಸೀರೆಯಲ್ಲೇ ನೀರೊಳಗೆ ಬಂದು ಮಗಳ ಮುಖ ಒರೆಸಿದಳು. ಹುಡುಗಿ ಮೊದಲು ಆಡಿದ ಮಾತು ಕೂಡ್ಲಿಗಿ ಬಸ್ಸು ಎಷ್ಟಕ್ಕೆ ಎಂಬುದು. ಅಂದು ಓಣಿಗೆ ನೀರು ಬರುವ ದಿನ.

ದಡದಲ್ಲೇ ರೊಟ್ಟಿ ಮುರಿದೆವು. ಈ ಸಲ ತಟ್ಟೆ ಅವಳ ಕೈಯಲ್ಲಿ ನಿಂತಿತು. ಅವಳು ಮುರಿದದ್ದು ದೊಡ್ಡ ತುಂಡು. ತಾಯಿ ಮೊಣಕೈಯಿಂದ ತಿವಿದಳು. ಇದನ್ನು ನಾನು ಸೇರಿಸಿದ್ದಲ್ಲ.

ಬಸ್ಸಿನಲ್ಲಿ ಹಗರಿಬೊಮ್ಮನಹಳ್ಳಿ ದಾಟುವವರೆಗೆ ಹಾಡಿದೆವು. ಕಂಡಕ್ಟರ್ ಮದುವೆ ಯಾರದ್ದು ಎಂದು ಕೇಳಿದ. ಕೂಡ್ಲಿಗಿಯಲ್ಲಿ ಇಳಿದವಳೇ ಹುಡುಗಿ ಒದ್ದೆ ಬಟ್ಟೆಯ ಗಂಟನ್ನು ಹಿಡಿದುಕೊಂಡೇ ನಲ್ಲಿಯ ಕಡೆ ನಡೆದಳು. ನಾನೂ ಹಿಂದೆ ಹೋದೆ. ನೀರು ಆಗಲೇ ಬಂದಿತ್ತು. ನೆಗ್ಗಿದ ಕೊಡ ಸಾಲಿನಲ್ಲಿ ತನ್ನ ಜಾಗದಲ್ಲೇ ಇತ್ತು. ಪಕ್ಕದ ಕಟ್ಟೆಯ ಮೇಲೆ ಅಜ್ಜಿ ಕೂತಿದ್ದಳು. ಗಂಟಿನಿಂದ ತೊಟ್ಟಿಕ್ಕುತ್ತಿದ್ದ ನೀರನ್ನೂ ಹುಡುಗಿಯ ಮುಖವನ್ನೂ ನೋಡಿದಳು.

“ಏನ್ ಬೇಟಿ, ಜಳಕಕ್ಕ ಹಡಗಲಿತನಕ ಹೋಗಿದ್ಯಾ? ಹೇಳಿದ್ರ ನಾನ ಒಂದು ಕೊಡ ಕೊಡ್ತಿದ್ನೆಲ್ಲಾ.”

ಹುಡುಗಿ ನಗುತ್ತ ಅಜ್ಜಿಯ ಕೊಡವನ್ನು ನಲ್ಲಿಯ ಕೆಳಗೆ ಇಟ್ಟಳು.