ಬಾಗಿಲಿಗೆ ಒತ್ತಿಟ್ಟ ಕುರ್ಚಿ

ದಾಸರಹಳ್ಳಿಯ ಒಂದು ಲೇತ್ ವರ್ಕ್‌ಶಾಪಿನ ಮೇಲಿನ ಮಹಡಿಯಲ್ಲಿ ನಮ್ಮ ಸಭೆ ಸೇರುತ್ತಿತ್ತು. ಪಾಸ್ಟರ ಪಕ್ಕದಲ್ಲಿ, ನಮ್ಮ ಕಡೆ ಮುಖ ಮಾಡಿ ಸಭಾಹಿರಿಯರು ಕೂರುತ್ತಿದ್ದರು. ಅವರಲ್ಲೊಬ್ಬರು ಜಾಲಹಳ್ಳಿಯ ಕಾರ್ಖಾನೆಯಿಂದ ನಿವೃತ್ತರಾದವರು. ಧೂಳಿರಲಿ ಬಿಡಲಿ, ಕೂರುವ ಮುನ್ನ ಕುರ್ಚಿಯನ್ನು ಕರ್ಚೀಫಿನಿಂದ ಒರೆಸುವರು. ಯಾರು ಯಾವ ದೂರು ತಂದರೂ ಅವರದು ಒಂದೇ ಮಾತು: "ಸ್ವಲ್ಪ ತಡೀರಿ." ಆ ಮಾತಿನಿಂದಲೇ ನಮ್ಮ ಮೀಟಿಂಗುಗಳು ಮುಗಿಯುತ್ತಿರಲಿಲ್ಲ. ನನಗಂತೂ ಮೈ ಉರಿಯುತ್ತಿತ್ತು.

ಯೇಸುವಿನ ನೆನಪಿಗೆ ರೊಟ್ಟಿ ಮುರಿದು ಹಂಚುವ ಹೊತ್ತಿಗೆ ಬಾಗಿಲು ಹಾಕಬೇಕೆಂಬುದು ಹಿರಿಯರೆಲ್ಲ ಸೇರಿ ಮಾಡಿದ್ದ ನಿಯಮ. ಒಂದು ಭಾನುವಾರ ಸರಿಯಾಗಿ ಆ ಹೊತ್ತಿಗೆ, ಪೀಣ್ಯದಲ್ಲಿ ರಾತ್ರಿ ಪಾಳಿ ಮುಗಿಸಿದ ರಾಯಚೂರು ಕಡೆಯ ಹೆಂಗಸರಿಬ್ಬರು ಮೆಟ್ಟಿಲು ಹತ್ತಿ ಬಂದರು.

"ಶಿಫ್ಟ್ ಈಗ ಬಿಟ್ಟೈತ್ರಿ," ಎಂದಳು ಒಬ್ಬಳು.

"ಟೈಮ್ ಆಯ್ತಮ್ಮ, ಮುಂದಿನ ವಾರ ಬೇಗ ಬನ್ನಿ," ಎಂದು ಇನ್ನೊಬ್ಬ ಹಿರಿಯರು ಬಾಗಿಲಿಗೆ ಕೈ ಹಾಕಿದರು. ಹೆಂಗಸರು ಬಿಟ್ಟಿದ್ದ ಚಪ್ಪಲಿಯನ್ನು ಮತ್ತೆ ಮೆಟ್ಟತೊಡಗಿದರು.

"ಸ್ವಲ್ಪ ತಡೀರಿ."

ಇವರು ಎದ್ದು, ತಮ್ಮ ಕುರ್ಚಿಯನ್ನು ಎತ್ತಿಕೊಂಡು, ನಮ್ಮ ನಡುವೆಯೇ ನಡೆದು ಹೋಗಿ ತೆರೆದ ಬಾಗಿಲಿಗೆ ಅದನ್ನು ಒತ್ತಿಟ್ಟರು. ಕರ್ಚೀಫಿನಿಂದ ಒರೆಸಿ ಕೂತರು. ಇನ್ನು ಬಾಗಿಲು ಮುಚ್ಚುವಂತಿರಲಿಲ್ಲ.

"ಒಳಗೆ ಬನ್ರಮ್ಮ," ಎಂದರು.

ಆಮೇಲೆ ಅವರು ಪಾಸ್ಟರ ಪಕ್ಕಕ್ಕೆ ಮರಳಲೇ ಇಲ್ಲ. ಪ್ರತಿ ಭಾನುವಾರ ಬಾಗಿಲಲ್ಲೇ ಕೂತರು. ಮೊದಮೊದಲು ಮುಖ ಗಂಟಿಕ್ಕಿಕೊಂಡಿದ್ದ ಪಾಸ್ಟರು ಒಂದು ದಿನ ರೊಟ್ಟಿಯನ್ನು ಕೈಗೆತ್ತಿಕೊಂಡವರು ಹಾಗೇ ನಿಂತರು.

"ಸ್ವಲ್ಪ ತಡೀರಿ," ಎಂದು ನಮಗೆ ಹೇಳಿ, ಬಾಗಿಲ ಕಡೆ ನೋಡಿ ಕೇಳಿದರು: "ಅಣ್ಣ, ಕೆಳಗೆ ಇನ್ನೂ ಯಾರಾದ್ರೂ ಬರ್ತಿದ್ದಾರಾ?"